ಹನ್ನೊಂದು ಅಕ್ಷರದ ಪಾಸ್‌ವರ್ಡ್

ಮೊದಲು ಆ ಮಿಷಿನ್ ನಿಲ್ಲಿಸಿ. ಗುಂಡಿಗೆ ಕಾಜಾ ಹೊಲಿಯೋದು ಬೆಳಗ್ಗೆನೂ ಆಗುತ್ತೆ. ಇದು ಮಿಷಿನ್ ಗಲಾಟೆಯಲ್ಲಿ ಹೇಳೋ ಕತೆ ಅಲ್ಲ... ಇದರಲ್ಲಿ ಸದ್ದುಗಳನ್ನ ಎಣಿಸಬೇಕು.

ಕತೆ ಅಂದೆ ನೋಡಿ, ಬಾಯಿ ತಪ್ಪಿ. ಕತೆ ಅಲ್ಲ. ನನ್ನ ಸ್ವಂತ ದೊಡ್ಡಮ್ಮನ ಮಗಳಿಗೆ ಆಗಿದ್ದು. ನಾನು ದೆವ್ವ ಗಿವ್ವ ನಂಬೋಳಲ್ಲ, ನಿಮಗೇ ಗೊತ್ತು. ಕತ್ತರಿ ಕಾಣದಿದ್ದರೆ ನೀವು ದೆವ್ವ ತಗೊಂಡು ಹೋಯ್ತು ಅಂತೀರಿ, ನಾನು ನಿಮ್ಮ ಚೀಲ ಹುಡುಕ್ತೀನಿ.

ಅಕ್ಕ ಆಫೀಸಿಂದ ಮನೆಗೆ ನಡ್ಕೊಂಡು ಬರ್ತಿದ್ದಳು. ಹನ್ನೊಂದೂವರೆ ದಾಟಿತ್ತು. ಆಫೀಸಿನ ಹಿಂದೆ ಒಂದು ಹಳೇ ಬಾವಿ ಇದೆ. ನೀರು ಸೇದೋರು ಯಾರೂ ಇಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಸುತ್ತ ಕೂರೋಷ್ಟು ಅಗಲದ ಕಟ್ಟೆ ಇದೆ. ಒಂದೇ ಒಂದು ಬೀದಿ ದೀಪ, ಅದೂ ಗುಂಯ್ ಅಂತ ಗೊಣಗ್ಕೊಂಡು ಉರಿಯುತ್ತೆ. ಅಕ್ಕ ಆ ಕಡೆ ನೋಡದೆ ದಾಟಬೇಕು ಅಂತ ತಲೆ ಬಗ್ಗಿಸಿಕೊಂಡು ಬಂದಳು. ಆಗ...

ಟಕ್. ಟಕ್ ಟಕ್. ಟಕ್.

ಕೊಡದ್ದಲ್ಲ, ಹಲ್ಲಿಯದ್ದೂ ಅಲ್ಲ. ಗಾಜಿನ ಮೇಲೆ ಉಗುರು ಬಡಿದ ಸದ್ದು. ಫೋನಿನ ಮೇಲೆ ಒಂದೇ ಬೆರಳಲ್ಲಿ ಟೈಪ್ ಮಾಡ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಝರ್ರ್... ಅಂತ, ಕಲ್ಲಿನ ಮೇಲಿಟ್ಟ ಫೋನ್ ಒಂದು ಸಲ ನಡುಗಿದ ಹಾಗೆ. ಮತ್ತೆ ಟಕ್ ಟಕ್ ಟಕ್. ಮತ್ತೆ ಝರ್ರ್. ಹೀಗೆ ನಾಲ್ಕು ಸಲ. ಆಮೇಲೆ ಏನೂ ಇಲ್ಲ. ಕಟ್ಟೆ ಮೇಲೆ ಯಾರೂ ಇಲ್ಲ.

"ರೀ...?" ಅಂದಳು ಅಕ್ಕ. ಪಿಸುದನಿಯಲ್ಲಿ.

ಯಾಕೆ ಹಾಗೆ ಕರೆದಳು ಅಂದ್ರೆ, ಅದಕ್ಕೆ ಇಪ್ಪತ್ತು ದಿನ ಮುಂಚೆ ಭಾವ ತೀರಿಕೊಂಡಿದ್ದು ಅದೇ ಕಟ್ಟೆಯ ಮೇಲೆ.

ಇರಿ, ಹಿಂದಿನದ್ದು ಹೇಳದೆ ಮುಂದಿನದ್ದು ಅರ್ಥ ಆಗಲ್ಲ. ಅಕ್ಕ ಕೆಲಸ ಮಾಡೋದು ಮನೆಗೆ ಔಷಧಿ ತರಿಸಿಕೊಳ್ಳೋ ಒಂದು ವೆಬ್‌ಸೈಟಿಗೆ. ಅದರ ಲಾಗಿನ್ ಅವಳದ್ದು. ನೀವು ಹೆಸರು ಹಾಕ್ತೀರಿ, ಪಾಸ್‌ವರ್ಡ್ ಹಾಕ್ತೀರಿ, ಒಳಗೆ ಬಿಡುತ್ತೆ... ಆ ಬಾಗಿಲು. ಬಾಗಿಲು ಮಾತ್ರ. "ಇಷ್ಟಕ್ಕೂ ಒಬ್ಬರು ಬೇಕೇನೇ?" ಅಂತ ಒಂದು ಸಲ ರೇಗಿಸಿದ್ದೆ. "ನೀನು ಹೊಲಿಯೋ ಪ್ಯಾಂಟಿಗೆ ಗುಂಡಿ ಇಲ್ಲದಿದ್ರೆ ಏನಾಗುತ್ತೆ?" ಅಂದಳು.

ಭಾವನದ್ದೂ ಅದೇ ಆಫೀಸು. ಅಕ್ಕ ಹಾಕಿದ ಬೀಗ ಗಟ್ಟಿಯಾಗಿದೆಯಾ ಅಂತ ಪರೀಕ್ಷೆ ಮಾಡೋ ಕೆಲಸ. ಬೆಳಗ್ಗೆಯಿಂದ ಸಂಜೆ ತನಕ ತಪ್ಪು ಪಾಸ್‌ವರ್ಡ್ ಹಾಕ್ಕೊಂಡು ಕೂರೋದು! "ತಪ್ಪು ಮಾಡಿ ಸಂಬಳ ತಗೊಳೋ ಗಂಡ ನಿಮ್ಮಕ್ಕನಿಗೆ ಮಾತ್ರ ಸಿಕ್ಕಿದಾನೆ" ಅಂತ ನಗೋರು. ಒಳ್ಳೇ ಮನುಷ್ಯ. ಜೋರಾಗಿ ಮಾತಾಡಿದ್ದನ್ನ ನಾನು ಕೇಳಿಲ್ಲ.

ಅವರಿಬ್ಬರದ್ದೂ ಒಂದು ಹುಚ್ಚಾಟ ಇತ್ತು. ಪರೀಕ್ಷೆಗೆ ಅಂತ ಎರಡು ಖಾತೆ ಮಾಡಿಕೊಂಡಿದ್ದರು. ಅಕ್ಕನದ್ದು ಅಂಗಡಿಯವರ ಖಾತೆ, ಭಾವನದ್ದು ಗಿರಾಕಿ ಖಾತೆ. ಅಂಗಡಿಯವರು ಗಿರಾಕಿಗೆ ಸಂದೇಶ ಕಳಿಸಬಹುದು. ಮದುವೆಗೆ ಮುಂಚೆಯಿಂದ ಇವರ ಸರಸ ಎಲ್ಲ ಅಲ್ಲೇ. ಅಕ್ಕ ಬರೀತಿದ್ದಳು: "ಗ್ರಾಹಕರೇ, ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ, ಹೆಂಡತಿ ಮಾತು ಕೇಳತಕ್ಕದ್ದು." ಭಾವ ಬರೀತಿದ್ದರು: "ಡೋಸ್ ಜಾಸ್ತಿ ಆಯ್ತು, ಕಿವಿ ನೋವು." ಜಗಳ ಆದರೆ ಫೋನ್ ಮಾಡೋ ಹಾಗಿಲ್ಲ, ಎದುರುಬದುರು ಮಾತೂ ಇಲ್ಲ. ತಪ್ಪು ಯಾರದ್ದೋ ಅವರು ಅಲ್ಲಿ ಬರೀಬೇಕು. ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಇವರದ್ದು ಲಾಗಿನ್ ಆಗೋ ತನಕ.

ಆ ದಿನ ಜಗಳ ಆಗಿದ್ದು ಅಕ್ಕನ ಹೊಸ ನಿಯಮಕ್ಕೆ. ತೊಂಬತ್ತು ದಿನಕ್ಕೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಾಯಿಸಬೇಕು. ಹಳೇದು ಮತ್ತೆ ಇಡೋ ಹಾಗಿಲ್ಲ. ಹನ್ನೆರಡು ಅಕ್ಷರಕ್ಕಿಂತ ಕಮ್ಮಿ ಇರಬಾರದು. ಐದು ಸಲ ತಪ್ಪಿದರೆ ಅರ್ಧ ಗಂಟೆ ಬೀಗ. ಮೀಟಿಂಗಲ್ಲಿ ಭಾವ ಎದ್ದು ಹೇಳಿದರಂತೆ, "ಔಷಧಿ ತರಿಸೋರಲ್ಲಿ ಅರ್ಧ ಜನ ವಯಸ್ಸಾದೋರು. ಮರೀತಾರೆ. ಬಾಗಿಲಲ್ಲೇ ನಿಂತುಬಿಡ್ತಾರೆ." ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಎಲ್ಲರ ಎದುರಿಗೆ ಅಂದಳು, "ನಿಮ್ಮ ಕೆಲಸ ಟೆಸ್ಟ್ ಮಾಡೋದು. ಡಿಸೈನ್ ನನ್ನದು. ಹೇಳಿದಷ್ಟು ಮಾಡಿ."

ಹತ್ತು ಜನ ಇದ್ದರು ಆ ರೂಮಲ್ಲಿ. ಭಾವ ಹೋಗಿ ಕೂತು, ನಿಯಮದ ಪ್ರಕಾರ ತಮ್ಮ ಗಿರಾಕಿ ಖಾತೆಯ ಪಾಸ್‌ವರ್ಡನ್ನೇ ಮೊದಲು ಬದಲಾಯಿಸಿದರು. ಸಿಟ್ಟಲ್ಲಿ ಏನೋ ಒಂದು ಕುಟ್ಟಿದರು. ಸಂಜೆ ಎದ್ದು ಎಲ್ಲಿಗೋ ಹೋದರು. ರಾತ್ರಿ ಒಂಬತ್ತಾದರೂ ಮನೆಗೆ ಬರಲಿಲ್ಲ. ಅಕ್ಕನಿಗೆ ಅಷ್ಟು ಹೊತ್ತಿಗೆ ಸಿಟ್ಟೆಲ್ಲ ಇಳಿದಿತ್ತು. ಒಂಬತ್ತೂ ಹತ್ತಕ್ಕೆ ಬರೆದಳು:

"ಗ್ರಾಹಕರೇ, ತಪ್ಪು ಅಂಗಡಿಯವರದ್ದೇ. ಮನೆಗೆ ಬನ್ನಿ. ನಾನು ಊಟ ಮಾಡಿಲ್ಲ."

ಭಾವನ ಫೋನಿಗೆ ಹೋಗಿದ್ದು ಇಷ್ಟೇ: "ನಿಮಗೊಂದು ಸಂದೇಶ ಬಂದಿದೆ. ಓದಲು ಲಾಗಿನ್ ಆಗಿ." ಒಳಗೇನಿದೆ ಅಂತ ಹೊರಗೆ ತೋರಿಸಬಾರದು. ಅದೂ ಅಕ್ಕನದ್ದೇ ನಿಯಮ.

ಬೆಳಗ್ಗೆ ವಾಚ್‌ಮನ್ ತಾತ ನೋಡಿದ್ದು. ಭಾವ ಕಟ್ಟೆ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೃದಯ ನಿಂತುಹೋಗಿತ್ತು. ಡಾಕ್ಟರು, ಎಲ್ಲಿದ್ದರೂ ಆಗೋದೇ ಅಮ್ಮ, ಅಂದರು. ಆಗೋದೇ ಇರಬಹುದು. ಆದರೆ ಫೋನಿನ ಪರದೆ ಮೇಲೆ ಇದ್ದಿದ್ದನ್ನ ಅಕ್ಕ ಓದಿದಳಲ್ಲ. "ಐದು ಬಾರಿ ತಪ್ಪಾಗಿದೆ. ಮೂವತ್ತು ನಿಮಿಷ ಬಿಟ್ಟು ಪ್ರಯತ್ನಿಸಿ." ಆ ಮನುಷ್ಯ ಆ ಸಂದೇಶ ಓದೋಕೆ ಅಂತ ಬೀಗ ಬಿಡೋದನ್ನ ಕಾಯ್ತಾ ಕೂತಿದ್ದರು. ಓದಿದ್ದರೆ ಎದ್ದು ಮನೆಗೆ ಬರ್ತಿದ್ದರು. ಸತ್ತರೂ ಮನೇಲಿ ಸಾಯ್ತಿದ್ದರು, ಇವಳ ಕೈ ಹಿಡ್ಕೊಂಡು. ಅಕ್ಕ ಇದನ್ನ ಎಷ್ಟು ಸಲ ಅಂದಿದಾಳೋ ನನ್ನ ಹತ್ರ ಲೆಕ್ಕ ಇಲ್ಲ. ನಾನೂ ಅತ್ತೆ, ಅಷ್ಟೇ.

ಈಗ ಮತ್ತೆ ಆ ರಾತ್ರಿಗೆ ಬನ್ನಿ. ಬಾವಿ ಹತ್ರ ಸದ್ದು ಕೇಳಿದಳಲ್ಲ. ಭ್ರಮೆ ಅಂದುಕೊಂಡು ಮನೆಗೆ ಬಂದಳು. ಮರುದಿನ ಆಫೀಸಲ್ಲಿ ದಾಖಲೆ ತೆಗೆದು ನೋಡಿದಳು. ಯಾರು ಯಾವಾಗ ಬಾಗಿಲು ತಟ್ಟಿದರು, ಎಲ್ಲಿಂದ ತಟ್ಟಿದರು, ಒಳಗೆ ಬಿಟ್ಟಿತಾ ಇಲ್ಲವಾ, ಎಲ್ಲ ಅದರಲ್ಲಿ ಬರೆದಿರುತ್ತೆ. ಆ ದಾಖಲೆ ಆಫೀಸಿನ ಕಂಪ್ಯೂಟರಲ್ಲಿ ಮಾತ್ರ ಕಾಣೋದು, ಹೊರಗೆಲ್ಲೂ ತೆಗೆಯೋ ಹಾಗಿಲ್ಲ. ನಿಯಮ ಮಾಡಿದ್ದು ಯಾರು ಅಂತ ಕೇಳಬೇಡಿ.

ಗಿರಾಕಿ ಖಾತೆ. ರಾತ್ರಿ ಹನ್ನೊಂದು ನಲವತ್ತು. ತಪ್ಪು. ತಪ್ಪು. ತಪ್ಪು. ತಪ್ಪು. ನಾಲ್ಕು ಸಲ.

ಎಲ್ಲಿಂದ ಅನ್ನೋ ಕಡೆ, ಯಾವ ಮನೆ ಯಾವ ಆಫೀಸಿನ ಇಂಟರ್ನೆಟ್ ಅಂತ ಹೇಳೋ ಒಂದು ನಂಬರ್ ಇರಬೇಕು. ಖಾಲಿ ಇತ್ತು.

ಭಾವನ ಫೋನ್ ಎಲ್ಲಿತ್ತು ಅಂತೀರಾ? ಅಕ್ಕನ ಕೈಚೀಲದಲ್ಲಿ. ಬ್ಯಾಟರಿ ಊದಿಕೊಂಡು ಮೊದಲ ವಾರವೇ ಸತ್ತಿತ್ತು. ಆದರೂ ಬಿಟ್ಟಿರಲಾರಳು, ಹೋದಲ್ಲೆಲ್ಲ ಹೊತ್ತುಕೊಂಡು ಓಡಾಡ್ತಿದ್ದಳು.

ಆವತ್ತಿಂದ ದಿನಾ ರಾತ್ರಿ. ಹನ್ನೊಂದು ನಲವತ್ತಕ್ಕೆ ನಾಲ್ಕು ಸಲ. ಐದನೇದು ಇಲ್ಲ. "ಐದಾದರೆ ಬೀಗ ಬೀಳುತ್ತೆ ಅಂತ ಅವರಿಗೀಗ ಗೊತ್ತು ಕಣೇ" ಅಂದಳು ಅಕ್ಕ. "ಸತ್ತ ಮೇಲೆ ಬುದ್ಧಿ ಬಂದಿದೆ." ನಕ್ಕಳು. ಆ ನಗು ನೋಡೋಕಾಗಲಿಲ್ಲ ನನಗೆ.

ಅಕ್ಕ ಬೇಕಂತಲೇ ಹೊತ್ತು ಮಾಡಿ ಹೊರಡೋಕೆ ಶುರು ಮಾಡಿದಳು. ಕಟ್ಟೆಯಿಂದ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಳ್ಳೋದು. ಮುಗಿದ ಮೇಲೆ ಮನೆಗೆ ಹೋಗೋದು. ಒಂದು ರಾತ್ರಿ ವಾಚ್‌ಮನ್ ತಾತ ಗೇಟಲ್ಲೇ ತಡೆದ.

"ಅಮ್ಮಾ... ಆ ದಾರಿ ಬೇಡ."

"ಯಾಕೆ ತಾತ?"

"ನಿಮಗೂ ಕೇಳಿಸಿದೆ... ನನಗೂ ಕೇಳಿಸಿದೆ."

"ಎಷ್ಟು ಸಲ?"

ತಾತ ಹೆಬ್ಬೆರಳು ಮಡಚಿ ನಾಲ್ಕು ಬೆರಳು ತೋರಿಸಿದ.

ಏಳು ತಿಂಗಳು ನಡೀತು ಇದು. ನನಗೆ ಹೇಳಿದ್ದು ಆರನೇ ತಿಂಗಳಲ್ಲಿ. ನಾನು ಬೈದೆ. ಡಾಕ್ಟರ ಹತ್ರ ನಡಿ ಅಂದೆ. ಒಂದು ರಾತ್ರಿ ಕೈ ಹಿಡಿದು ಎಳ್ಕೊಂಡು ಹೋದಳು ಬಾವಿ ಹತ್ರ. ನಿಂತೆವು. ದೀಪ ಗುಂಯ್ ಅಂತಿತ್ತು... ಅದು ಇದ್ದಕ್ಕಿದ್ದ ಹಾಗೆ ನಿಂತಿತು. ದೀಪ ಉರೀತಾನೇ ಇದೆ, ಸದ್ದು ಮಾತ್ರ ಇಲ್ಲ. ಆಮೇಲೆ ಟಕ್.

ನಾನು ಎಣಿಸಿದೆ. ನಮ್ಮ ಕೈ ಕಸುಬೇ ಎಣಿಸೋದಲ್ಲವಾ, ಹೊಲಿಗೆ ಎಣಿಸಿ ಎಣಿಸಿ ರೂಢಿ. ಹನ್ನೊಂದು ಟಕ್. ಒಂದು ಝರ್ರ್. ಹನ್ನೊಂದು ಟಕ್. ಒಂದು ಝರ್ರ್.

"ಅಕ್ಕ... ಹನ್ನೊಂದು."

"ಏನು ಹನ್ನೊಂದು?"

"ಅಕ್ಷರ... ಪ್ರತಿ ಸಲವೂ ಹನ್ನೊಂದೇ."

ಅಕ್ಕ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಳು ಅಂದ್ರೆ ಬಳೆ ಒಡೆಯಿತು. ಹೊಸ ಪಾಸ್‌ವರ್ಡ್ ಹನ್ನೆರಡಕ್ಕಿಂತ ಕಮ್ಮಿ ಇರೋಕೆ ಸಾಧ್ಯವೇ ಇಲ್ಲ. ಹನ್ನೊಂದು ಅಂದ್ರೆ ಅದು ಹಳೇದು. ಸಿಟ್ಟಲ್ಲಿ ಕುಟ್ಟಿದ್ದು ಭಾವನಿಗೆ ನೆನಪೇ ಇಲ್ಲ. ಜಗಳಕ್ಕೆ ಮುಂಚಿನದ್ದು ಮಾತ್ರ ನೆನಪಿದೆ. ಆರು ತಿಂಗಳಿಂದ ಅದನ್ನೇ ಹಾಕ್ತಿದ್ದಾರೆ.

"ಹಾಗಾದ್ರೆ ಬಿಡು ಒಳಗೆ" ಅಂದೆ. "ನೀನೇ ತಾನೇ ಬಾಗಿಲು ಮಾಡಿದ್ದು."

ಅಷ್ಟು ಸುಲಭ ಅಲ್ಲವಂತೆ. ಪಾಸ್‌ವರ್ಡನ್ನ ಇದ್ದ ಹಾಗೇ ಎಲ್ಲೂ ಬರೆದಿಡಲ್ಲ. ಬೀಸಿ ಹಿಟ್ಟು ಮಾಡಿ ಇಡ್ತಾರೆ. ನೀವು ಮತ್ತೆ ಹಾಕಿದಾಗ ಅದನ್ನೂ ಬೀಸಿ, ಹಿಟ್ಟಿಗೆ ಹಿಟ್ಟು ಹೊಂದುತ್ತಾ ನೋಡ್ತಾರೆ. ಹಿಟ್ಟು ನೋಡಿ ಕಾಳು ಹೇಳೋಕೆ ದೇವರಿಗೂ ಆಗಲ್ಲ. ಆದರೆ ಹಳೇದನ್ನ ಮತ್ತೆ ಇಡಬಾರದು ಅನ್ನೋ ನಿಯಮ ಇತ್ತಲ್ಲ, ಅದನ್ನ ನೋಡೋಕೆ ಅಂತ ಹಳೇ ಹಿಟ್ಟನ್ನೂ ಒಂದು ಪಕ್ಕ ಇಟ್ಟಿರ್ತಾರೆ. ಹೊಸದನ್ನ ತೆಗೆದು ಹಳೇದನ್ನ ಅದರ ಜಾಗಕ್ಕೆ ಇಟ್ಟರೆ ಮುಗೀತು, ಬಾಗಿಲು ತೆರೆಯುತ್ತೆ. ಐದು ನಿಮಿಷದ ಕೆಲಸ. ಮಾಡಬಾರದ ಕೆಲಸ, ಆದರೆ ಐದೇ ನಿಮಿಷದ್ದು.

ಅಕ್ಕ ಮಾಡಲಿಲ್ಲ.

ಒಂದು ದಿನ, ಎರಡು ದಿನ, ಮೂರು ವಾರ... ಮಾಡಲಿಲ್ಲ. ನನಗೆ ತಲೆ ಕೆಟ್ಟು ಹೋಯ್ತು. "ಯಾಕೆ ಅಕ್ಕ, ಇನ್ನೂ ಎಷ್ಟು ಸತಾಯಿಸ್ತೀಯ ಅವರನ್ನ?" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಅಡುಗೆಮನೆ ನೆಲದ ಮೇಲೆ ಕೂತಿದ್ದಳು, ಕಾಲು ಚಾಚಿಕೊಂಡು. ಮೆಲ್ಲಗೆ ಹೇಳಿದಳು.

"ಓದಿದ ಮೇಲೆ ಹೋಗಿಬಿಡ್ತಾರೆ ಕಣೇ. ಈಗ ದಿನಾ ಬರ್ತಾರೆ... ನಾಲ್ಕು ಸಲ ಬರ್ತಾರೆ."

ಇದಕ್ಕೆ ಏನು ಹೇಳ್ತೀರಿ? ನಾನೂ ಅವಳ ಪಕ್ಕದಲ್ಲಿ ಕೂತೆ.

ಇನ್ನೊಂದು ಕಡೆ ಆಫೀಸಲ್ಲಿ ಗಡುವು ಹತ್ತಿರ ಬರ್ತಿತ್ತು. ಹಳೇ ಲಾಗಿನ್ ತೆಗೆದು ಹೊಸದು ಮಾಡೋದು ಅಂತ ತೀರ್ಮಾನ ಆಗಿತ್ತು. ಅದರ ಡಿಸೈನೂ ಅಕ್ಕನದ್ದೇ. ತೊಂಬತ್ತು ದಿನದ ನಿಯಮವನ್ನ ಅವಳೇ ಕಿತ್ತು ಹಾಕಿದಳು. ಮೀಟಿಂಗಲ್ಲಿ ಎದ್ದು, "ಇದು ತಪ್ಪು ಅಂತ ಒಬ್ಬರು ಮೊದಲೇ ಹೇಳಿದ್ದರು" ಅಂದಳಂತೆ. ಯಾರೂ ತಲೆ ಎತ್ತಲಿಲ್ಲವಂತೆ. ಬರೋ ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಹಳೇದು ಬಂದ್. ನಿಜವಾದ ಗ್ರಾಹಕರ ಖಾತೆ ಎಲ್ಲ ಹೊಸದಕ್ಕೆ ಹೋಗುತ್ತೆ. ಪರೀಕ್ಷೆಯ ಖಾತೆಗಳು, ಅವುಗಳ ಸಂದೇಶಗಳು, ಎಲ್ಲ ಅಳಿಸಿ ಹೋಗುತ್ತೆ.

ಬೇಕಿದ್ದರೆ ಅಕ್ಕ ಗಿರಾಕಿ ಖಾತೆಯನ್ನೂ ಸದ್ದಿಲ್ಲದೆ ಹೊಸದಕ್ಕೆ ದಾಟಿಸಬಹುದಿತ್ತು. ಯಾರೂ ಕೇಳ್ತಿರಲಿಲ್ಲ. ಭಾವ ಬರ್ತಾನೇ ಇರ್ತಿದ್ದರು. ತಪ್ಪು ಹಾಕ್ತಾನೇ ಇರ್ತಿದ್ದರು. ಅಕ್ಕ ಬದುಕಿರೋ ತನಕ. ನಿಜ ಹೇಳ್ತೀನಿ, ದಾಟಿಸೋಕೆ ಬೇಕಾದ್ದೆಲ್ಲ ಸಿದ್ಧ ಮಾಡಿಟ್ಟಿದ್ದಳು.

ಗುರುವಾರ ರಾತ್ರಿ ಬಾವಿ ಹತ್ರ ಅವಳೊಬ್ಬಳೇ ನಿಂತಿದ್ದಳಂತೆ. ಹನ್ನೊಂದು ಟಕ್, ಝರ್ರ್. ನಾಲ್ಕೂ ಆಯ್ತು. ಆಮೇಲೆ ಯಾವತ್ತೂ ಇಲ್ಲದ ಒಂದು ಸದ್ದು. ಸುಸ್ತಾದವರು ಬಿಡ್ತಾರಲ್ಲ, ಮೂಗಿಂದ ಒಂದು ಉದ್ದ ಉಸಿರು... ಹಾಗೆ. ಅಷ್ಟೇ. ಅಕ್ಕ ಮನೆಗೆ ಬಂದವಳೇ ನನಗೆ ಫೋನ್ ಮಾಡಿದಳು.

"ನಾಳೆ ಬಿಡ್ತೀನಿ ಕಣೇ ಒಳಗೆ."

"ಬಿಡು ಅಕ್ಕ."

"ಬಾವಿ ಹತ್ರ ನಿಂತಿರಲಾ?"

ಇಲ್ಲಿ ನಾನು ಒಂದು ಮಾತು ಅಂದೆ. ಈ ಬಾಯಿಗೆ ಬೆಂಕಿ ಹಾಕ. "ಬೇಡ ಅಕ್ಕ, ರಾತ್ರಿ ಹೊತ್ತು ಅಲ್ಲಿ ಒಬ್ಬಳೇ ಬೇಡ. ಆಫೀಸಲ್ಲೇ ಕೂತು ದಾಖಲೆ ನೋಡು. ಓದಿದರೆ ಅಲ್ಲೇ ಗೊತ್ತಾಗುತ್ತಲ್ಲ" ಅಂದೆ. ಒಳ್ಳೇದಕ್ಕೇ ಅಂದೆ.

ಶುಕ್ರವಾರ. ಆಫೀಸಲ್ಲಿ ಅಕ್ಕ ಒಬ್ಬಳೇ. ಹನ್ನೆರಡಕ್ಕೆ ಬಂದ್ ಮಾಡೋ ಜವಾಬ್ದಾರಿ ಅವಳದ್ದೇ ಆಗಿತ್ತು. ಹಳೇ ಹಿಟ್ಟನ್ನ ಅದರ ಜಾಗಕ್ಕೆ ಇಟ್ಟಳು. ಕೂತಳು. ಲ್ಯಾಪ್‌ಟಾಪು, ಅವಳ ಫೋನು, ಭಾವನ ಸತ್ತ ಫೋನು, ಮೂರೂ ಮೇಜಿನ ಮೇಲೆ.

ಹನ್ನೊಂದು ನಲವತ್ತು. ಗಿರಾಕಿ ಖಾತೆ. ಒಂದೇ ಸಲ. ಸರಿ.

ಹನ್ನೊಂದು ನಲವತ್ತೊಂದು. ಸಂದೇಶ ತೆರೆಯಲಾಗಿದೆ. ಎಂಟು ತಿಂಗಳ ಹತ್ತಿರ ಹತ್ತಿರ "ಓದಿಲ್ಲ" ಅಂತಿದ್ದ ಜಾಗದಲ್ಲಿ "ಓದಿದೆ" ಅಂತ ಬಂತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳಂತೆ, ವಾಚ್‌ಮನ್ ತಾತನಿಗೆ ಕೇಳಬಾರದು ಅಂತ.

ಆಮೇಲೆ ಏನಾದರೂ ಬರೀತಾರೆ ಅಂತ ಕಾದಳು. ಡೋಸ್ ಜಾಸ್ತಿ ಆಯ್ತು ಅಂತನಾದರೂ. ಅಂಗಡಿ ಖಾತೆ ತೆರೆದಿಟ್ಟುಕೊಂಡು ಅದನ್ನೇ ನೋಡ್ತಾ ಕೂತಳು. ಹನ್ನೆರಡು ಹೊಡೀತು. ಬಂದ್ ಮಾಡಲಿಲ್ಲ. ಆಮೇಲೆ ದಾಖಲೆಯಲ್ಲಿ ಸಾಲುಗಳು ಒಂದರ ಹಿಂದೊಂದು ಬಿದ್ದವು. ಅದೇ ಸಂದೇಶ ಮತ್ತೆ ತೆರೆದರು. ಮತ್ತೆ. ಮತ್ತೆ. ಸಣ್ಣ ಸಣ್ಣ ಮೂರು ಮಾತು, ಎಷ್ಟು ಸಲ ಓದ್ತಾರೆ ಅಂತ ಅಕ್ಕ ಕಣ್ಣೀರಲ್ಲೇ ನಕ್ಕಳು. ಉತ್ತರ ಮಾತ್ರ ಬರಲಿಲ್ಲ. ಹನ್ನೆರಡು ನಲವತ್ತಾರಕ್ಕೆ ಕೊನೇ ಸಾಲು ಬಿತ್ತು. ಲಾಗೌಟ್.

ಸೈಟು ತಾನಾಗೇ ಹೊರಗೆ ಹಾಕಿದ್ದಲ್ಲ. ಬಟನ್ ಒತ್ತಿ ಹೋಗಿದ್ದು.

ಒಂದು ಗಂಟೆಗೆ ಅಕ್ಕ ಹಳೇದನ್ನ ಬಂದ್ ಮಾಡಿದಳು. ಬಾವಿ ಪಕ್ಕದಲ್ಲೇ ನಡೆದು ಬಂದಳು. ದೀಪ ಗುಂಯ್ ಅಂತಿತ್ತು, ಬೇರೆ ಸದ್ದಿಲ್ಲ. ಮನೆಗೆ ಬಂದು ಬೀಗ ತೆಗೆದು ಮಲಗಿದಳು. ಏಳು ತಿಂಗಳಲ್ಲಿ ಮೊದಲ ಸಲ ಕಣ್ತುಂಬ ನಿದ್ದೆ ಬಂತಂತೆ. ಬೆಳಗ್ಗೆ ಫೋನ್ ಮಾಡಿ, "ಹೋದರು ಕಣೇ... ಓದಿ ಹೋದರು" ಅಂದಳು. ದನಿ ಹಗುರ ಆಗಿತ್ತು. ಅಬ್ಬಾ, ಮುಗೀತು ಅಂದುಕೊಂಡೆ.

ಸೋಮವಾರ ಆಫೀಸಲ್ಲಿ ಹಳೇ ದಾಖಲೆಯನ್ನ ಕೊನೇ ಸಲ ಕಾಗದದ ಮೇಲೆ ತೆಗೆದಳು. ನೆನಪಿಗೆ ಇರಲಿ ಅಂತ. ಆಗ ನೋಡಿದಳು. ಆವತ್ತು ರಾತ್ರಿ ಉತ್ತರದ ಮೇಲೇ ಕಣ್ಣಿಟ್ಟಿದ್ದಳಲ್ಲ, "ಎಲ್ಲಿಂದ" ಅನ್ನೋದನ್ನ ನೋಡಿರಲಿಲ್ಲ.

ಹನ್ನೊಂದು ನಲವತ್ತೊಂದರ ತನಕ ಖಾಲಿ. ಆಮೇಲೆ ಇಪ್ಪತ್ನಾಲ್ಕು ನಿಮಿಷ ಏನೂ ಇಲ್ಲ. ಬಾವಿಯಿಂದ ಮನೆಗೆ ನಡೆದರೆ ಅಷ್ಟೇ ಹೊತ್ತು. ಹನ್ನೆರಡೂ ಐದರಿಂದ ಪ್ರತಿ ಸಾಲಲ್ಲೂ ಒಂದು ನಂಬರ್ ಇತ್ತು. ಅಕ್ಕ ಭಾನುವಾರಗಳಲ್ಲಿ ಮನೆಯಿಂದ ಲಾಗಿನ್ ಆಗ್ತಿದ್ದಳು, ಆಗ ಅವಳ ಹೆಸರಿನ ಮುಂದೆ ಬೀಳ್ತಿದ್ದ ನಂಬರ್. ಅದೇ. ಅವಳ ಮನೆಯದ್ದೇ.

ಮನೆಗೆ ಬನ್ನಿ ಅಂತ ಬರೆದಿದ್ದಳು. ಬಂದಿದ್ದರು.

ಇವಳು ಆಫೀಸಲ್ಲಿ ಕೂತಿದ್ದಳು.

ಆ ಕಾಗದ ಹಿಡ್ಕೊಂಡು ನನ್ನ ಅಂಗಡಿಗೆ ಬಂದಳು. ಇಲ್ಲೇ, ಈ ಸ್ಟೂಲ್ ಮೇಲೆ ಕೂತಳು. "ನಲವತ್ತೊಂದು ನಿಮಿಷ ಕಾದಿದಾರೆ ಕಣೇ" ಅಂದಳು. "ಬರೆದಿದ್ದನ್ನ ಮತ್ತೆ ಮತ್ತೆ ತೆಗೆದು ನೋಡಿದಾರೆ... ಸರಿಯಾಗಿ ಓದಿದೆನಾ ಇಲ್ಲವಾ ಅಂತ." ಆಫೀಸಲ್ಲಿರು ಅಂದಿದ್ದು ನಾನಲ್ಲವಾ. ಅಕ್ಕ ಅದನ್ನ ಇವತ್ತಿನ ತನಕ ಎತ್ತಿ ಆಡಿಲ್ಲ. ಆಡಿದ್ದರೆ ಚೆನ್ನಾಗಿರ್ತಿತ್ತು.

ಆಮೇಲೆ ಎಷ್ಟೋ ರಾತ್ರಿ ಇಬ್ಬರೂ ಬಾವಿ ಹತ್ರ ಹೋಗಿ ನಿಂತೆವು. ಮನೇಲೂ ದೀಪ ಹಾಕ್ಕೊಂಡು, ಬಾಗಿಲು ತೆಗೆದಿಟ್ಟುಕೊಂಡು ಕೂತೆವು. ಒಂದು ಸದ್ದೂ ಇಲ್ಲ.

ನೀವು ನಂಬದಿದ್ದರೆ ಬಿಡಿ. ಆ ಕಾಗದವನ್ನ ನಾನು ಈ ಕಣ್ಣಲ್ಲಿ ನೋಡಿದೀನಿ. ಆ ರಾತ್ರಿ ಆ ಮನೇಲಿ ಫೋನಿಲ್ಲ, ಕಂಪ್ಯೂಟರಿಲ್ಲ, ಇಂಟರ್ನೆಟ್ಟಿಗೆ ಸಿಕ್ಕಿಸೋ ವಸ್ತು ಒಂದೂ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿತ್ತು. ಬೀಗದ ಕೈ ಎರಡೂ ಅಕ್ಕನ ಹತ್ರ. ಆ ಮನೆಯ ವೈಫೈ ಹೊರಗೆ ಎಲ್ಲಿ ತನಕ ಸಿಗುತ್ತೆ ಅಂತ ನಾನೇ ನನ್ನ ಫೋನ್ ಹಿಡ್ಕೊಂಡು ನಡೆದು ನೋಡಿದೆ. ಮೂರು ಮೆಟ್ಟಿಲಿದೆ ಬಾಗಿಲ ಮುಂದೆ. ಮೇಲಿನ ಮೆಟ್ಟಿಲ ಮೇಲೆ ನಿಂತರೆ ಸಿಗುತ್ತೆ. ಎರಡನೇದಕ್ಕೆ ಇಳಿದರೆ ಸಿಗಲ್ಲ.